ಬಸುರಿ ಬಯಸಿದ ದೂಗ್

ಎದುರುಮನೆಯ ನಸ್ರೀನ್ ಅಳುತ್ತಿರುವುದು ಮಜ್ಜಿಗೆಗಾಗಿ ಎಂದು ಗೊತ್ತಾದಾಗ ಗುಲಾಬಿಗೆ ಮೊದಲು ನಗು ಬಂತು. ಆಮೇಲೆ ಆ ಹುಡುಗಿಯ ತುಂಬಿದ ಹೊಟ್ಟೆಯ ಕಡೆ ಕಣ್ಣು ಹೋಯಿತು. ನಗು ಅಲ್ಲೇ ನಿಂತಿತು.

ಎರಡು ಸಾವಿರದ ಇಪ್ಪತ್ತರ ಏಪ್ರಿಲ್ ತಿಂಗಳ ಮೊದಲ ವಾರ. ಸೋಂಕು ಹರಡದಂತೆ ಮಲೇಷ್ಯಾದಲ್ಲಿ ಜನರ ಓಡಾಟ ನಿಲ್ಲಿಸಿ ಹತ್ತಿರ ಹತ್ತಿರ ಮೂರು ವಾರವಾಗಿತ್ತು. ಪುಚೊಂಗಿನ ಆ ಕಾಂಡೋ ಕಟ್ಟಡದಲ್ಲಿ ಲಿಫ್ಟಿಗೆ ಇಬ್ಬರೇ ಹತ್ತಬೇಕು, ಸಾಮಾನಿಗೆ ಮನೆಗೊಬ್ಬರೇ ಹೋಗಬೇಕು. ಕೆಳಗಿನ ಈಜುಕೊಳದ ಸುತ್ತ ಹಳದಿ ಪಟ್ಟಿ ಕಟ್ಟಿದ್ದರು. ಒಂಬತ್ತನೇ ಮಹಡಿಯ ಮೂಲೆಯಲ್ಲಿ ಎದುರುಬದುರಾಗಿ ಎರಡು ಮನೆ. ಒಂದರಲ್ಲಿ ಗುಲಾಬಿ, ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಅವಳ ಗಂಡ ದಾಮೋದರ, ಹದಿನೇಳು ವರ್ಷದ ಮಗಳು ಅಕ್ಷಯಾ. ಇನ್ನೊಂದರಲ್ಲಿ ಇರಾನಿನ ಶಿರಾಜ್ ಊರಿನ ನಸ್ರೀನ್ ಮತ್ತು ಅವಳ ಗಂಡ ಬೆಹ್ರೂಜ್. ಬೆಹ್ರೂಜ್ ಕ್ಲಾಂಗ್ ಬಂದರಿನಲ್ಲಿ ಕಂಟೇನರ್ ಸಾಗಿಸುವ ಕಂಪನಿಯೊಂದರಲ್ಲಿದ್ದ. ಬಂದರು ಮುಚ್ಚಿರಲಿಲ್ಲ, ಹಾಗಾಗಿ ಅವನು ದಿನಾ ಬೆಳಿಗ್ಗೆ ಕಂಪನಿಯ ವ್ಯಾನ್ ಹತ್ತಿ ಹೋಗುತ್ತಿದ್ದ. ನಸ್ರೀನಳಿಗೆ ಎಂಟು ತಿಂಗಳು. ಬಾಣಂತನಕ್ಕೆ ಬರಬೇಕಿದ್ದ ಅವಳ ತಾಯಿಯ ವಿಮಾನ ರದ್ದಾಗಿತ್ತು.

ಆ ಬೆಳಿಗ್ಗೆ ಕಸದ ಚೀಲ ಹಿಡಿದು ಹೊರಗೆ ಬಂದ ಗುಲಾಬಿಗೆ ಗ್ರಿಲ್ ಬಾಗಿಲಿನ ಆಚೆ ಕುರ್ಚಿ ಹಾಕಿಕೊಂಡು ಮೂಗು ಒರೆಸಿಕೊಳ್ಳುತ್ತಿದ್ದ ನಸ್ರೀನ್ ಕಂಡಳು. ಇಬ್ಬರ ಇಂಗ್ಲಿಷೂ ಅರೆಬರೆಯೇ. ಕೈಸನ್ನೆ ಸೇರಿಸಿಕೊಂಡರೆ ಮಾತು ಸಾಗುತ್ತಿತ್ತು.

“ನೋವಾ? ಡಾಕ್ಟರ್ ಕರೆಯಬೇಕಾ?”

“ನೋವಲ್ಲ. ಮೂರು ದಿನದಿಂದ ಏನೂ ಸೇರುತ್ತಿಲ್ಲ. ದೂಗ್ ಬೇಕು ನನಗೆ. ದೂಗ್ ಮಾತ್ರ.” ನಸ್ರೀನ್ ತನ್ನ ಅಳುವಿಗೆ ತಾನೇ ನಾಚಿಕೊಂಡಳು. “ಮೊಸರು, ನೀರು, ಉಪ್ಪು, ಪುದೀನಾ. ಊರಲ್ಲಿ ಎಲ್ಲರ ಮನೆಯಲ್ಲೂ ಇರುತ್ತೆ. ಇಲ್ಲಿ ಹೋಟೆಲ್ ಮುಚ್ಚಿದೆ, ಅಂಗಡಿಯಲ್ಲಿ ಬಾಟಲಿ ಖಾಲಿ.”

“ಮೊಸರು, ನೀರು, ಉಪ್ಪು? ಅದು ಮಜ್ಜಿಗೆ ಅಲ್ವಾ! ನಾನು ಮಾಡ್ತೇನೆ. ಇವತ್ತೇ ಮಾಡ್ತೇನೆ!”

ಗುಲಾಬಿಗೆ ಆ ಹೊತ್ತಿನಲ್ಲಿ ಎಷ್ಟು ಹುರುಪು ಬಂತೆಂದರೆ ಕಸದ ಚೀಲವನ್ನು ಹಾಗೇ ಹಿಡಿದುಕೊಂಡು ವಾಪಸು ಒಳಗೆ ಹೋದಳು.

ಅದಕ್ಕೆ ಕಾರಣವಿತ್ತು. ಉಡುಪಿ ಹತ್ತಿರದ ಕಟಪಾಡಿಯಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ಅವಳು ಹಾಲಿನ ಸೊಸೈಟಿ ಸೇರಿದ್ದಳು. ಮದುವೆಯಾಗಿ, ಮಗು ಹುಟ್ಟಿದ ಮೇಲೂ ಬಿಡದೆ ಹದಿನೇಳು ವರ್ಷ ಅಲ್ಲಿ ಹಾಲು ಪರೀಕ್ಷೆ ಮಾಡಿದವಳು. ಲ್ಯಾಕ್ಟೋಮೀಟರ್ ಇಳಿಸುವ ಮುಂಚೆಯೇ ಕ್ಯಾನಿನ ಮುಚ್ಚಳ ತೆಗೆದು ಮೂಸಿ, “ಇದಕ್ಕೆ ನೀರು ಬಿದ್ದಿದೆ” ಎಂದರೆ ತಂದವರು ತಲೆ ತುರಿಸಿಕೊಳ್ಳುತ್ತಿದ್ದರು. ದಾಮೋದರನಿಗೆ ಮಲೇಷ್ಯಾದಲ್ಲಿ ಕೆಲಸ ಸಿಕ್ಕಿದಾಗ ಅವಳು ಸೊಸೈಟಿ ಬಿಟ್ಟು ಬಂದಳು. ಬರುವಾಗ ಸ್ಟೀಲ್ ಡಬ್ಬಿಯಲ್ಲಿ ಒಂದು ಸೌಟು ಮೊಸರು ತಂದಿದ್ದಳು. ಅದೇ ಹೆಪ್ಪು ಹನ್ನೊಂದು ವರ್ಷದಿಂದ ಒಂದು ದಿನವೂ ತಪ್ಪದೆ ನಡೆದುಬಂದಿತ್ತು. ಗಂಡನ ವೀಸಾದ ಮೇಲೆ ಬಂದವಳಾದ್ದರಿಂದ ಇಲ್ಲಿ ಕೆಲಸಕ್ಕೆ ಹೋಗುವಂತಿರಲಿಲ್ಲ. ಅಡುಗೆ, ಮಗಳ ಶಾಲೆ, ವಾರಕ್ಕೊಮ್ಮೆ ದೇವಸ್ಥಾನ. ಹಾಲಿನ ವಿಷಯದಲ್ಲಿ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಈಗ ಕೇಳಿದ್ದರು.

ಒಂದು ಗಂಟೆಯಲ್ಲಿ ಮಜ್ಜಿಗೆ ತಯಾರಾಯಿತು. ಶುಂಠಿ, ಹಸಿಮೆಣಸು ಜಜ್ಜಿ ಹಾಕಿ, ಕರಿಬೇವು ಮುರಿದು, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು, ಎರಡು ಬಾಗಿಲುಗಳ ನಡುವೆ ಸ್ಟೂಲ್ ಇಟ್ಟು ಅದರ ಮೇಲೆ ಚೊಂಬು ಇಟ್ಟಳು. ಹಿಂದೆ ಸರಿದು ನಿಂತಳು. ನಸ್ರೀನ್ ಒಂದು ಗುಟುಕು ಕುಡಿದಳು. ಅವಳ ಹುಬ್ಬು ಮೇಲೇರಿತು, ಕಣ್ಣಲ್ಲಿ ನೀರು ಬಂತು, ಕೆಮ್ಮಿದಳು.

“ತುಂಬಾ ಚೆನ್ನಾಗಿದೆ,” ಅಂದಳು ಬಹಳ ವಿನಯದಿಂದ. “ಇದು… ಸೂಪ್?”

ಒಳಗೆ ಅಕ್ಷಯಾ ಬಿದ್ದು ಬಿದ್ದು ನಗುತ್ತ ಮಲೇಷ್ಯಾದವರ ಧಾಟಿಯಲ್ಲಿ ಕೂಗಿದಳು. “ಅಮ್ಮಾ, ಶಿ ಕಾಲ್ಡ್ ಇಟ್ ಸೂಪ್ ಲಾ!”

ಗುಲಾಬಿಗೆ ಅವಮಾನವಾಯಿತು. ದಾಮೋದರ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದ: “ಬಿಡು ಮಾರಾಯ್ತಿ. ಅವರ ರುಚಿಯೇ ಬೇರೆ. ನೀನು ಪ್ರಯತ್ನ ಮಾಡಿದ್ದಿ, ಆಯ್ತಲ್ಲ.”

“ಬಿಡುದು ಹೇಗೆ? ಬಸುರಿ ಬಾಯಿಬಿಟ್ಟು ಕೇಳಿದ್ದಾಳೆ. ಊರಲ್ಲಾದ್ರೆ ಈಗ ಬಯಕೆ ಊಟ ಹಾಕಿ ಹೂ ಮುಡಿಸುವ ಹೊತ್ತು. ಆ ಹುಡುಗಿಯ ಅಮ್ಮ ಕೂಡ ಬರ್ಲಿಕ್ಕಿಲ್ಲ. ನಾನು ಇಲ್ಲಿ ಎದುರಲ್ಲಿ ಕೂತು ಟಿ.ವಿ. ನೋಡುದಾ?”

“ಹಾಗಾದ್ರೆ ಸರಿಯಾಗಿ ಕೇಳಿ ತಿಳ್ಕೊಂಡು ಮಾಡು.”

ಅವಳು ಅದನ್ನೇ ಮಾಡಿದಳು. ಮರುದಿನ ನಸ್ರೀನ್ ಶಿರಾಜಿನಲ್ಲಿದ್ದ ತನ್ನ ತಾಯಿಗೆ ವಿಡಿಯೋ ಕರೆ ಮಾಡಿ, ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿದಳು. ಗುಲಾಬಿ ತನ್ನ ಗ್ರಿಲ್ಲಿನ ಹಿಂದೆ ನೋಟ್‌ಬುಕ್ ಹಿಡಿದು ಕೂತಳು. ತಾಯಿ ಫಾರ್ಸಿಯಲ್ಲಿ ಹೇಳಬೇಕು, ನಸ್ರೀನ್ ಅದನ್ನು ಇಂಗ್ಲಿಷಿಗೆ ತರಬೇಕು, ಗುಲಾಬಿಗೆ ತಿಳಿಯದಿದ್ದರೆ ಅಕ್ಷಯಾ ಬಿಡಿಸಿ ಹೇಳಬೇಕು. ಮೊದಲು ಪರಿಚಯವಾಗಲಿ ಎಂದು ಗುಲಾಬಿ ತನ್ನ ಹೆಸರು ಹೇಳಿದಳು. ಫೋನಿನೊಳಗಿನ ಮುಖ ಇಡೀ ತೆರೆ ಅಲುಗುವಂತೆ ನಕ್ಕಿತು. ನಸ್ರೀನ್ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಏನಂತೆ?”

“ನಮ್ಮ ಭಾಷೆಯಲ್ಲಿ ಗೊಲಾಬಿ ಅಂದರೆ ಪೇರ್ ಹಣ್ಣು!”

“ಹೂವಲ್ವಾ?”

“ಹಣ್ಣು! ಅಮ್ಮ ಹೇಳ್ತಿದ್ದಾರೆ, ಒಳ್ಳೆ ರಸ ತುಂಬಿದ ಹಣ್ಣು ಅಂತ.”

ಅವತ್ತಿನಿಂದ ಶಿರಾಜಿನ ಆ ತಾಯಿಗೆ ಅವಳು ಗೊಲಾಬಿ ಖಾನುಮ್ ಆದಳು, ಅಂದರೆ ಗುಲಾಬಿಯಮ್ಮ ಇದ್ದ ಹಾಗೆ.

ತಾಯಿ ಹೇಳಿದ್ದರಲ್ಲಿ ಮುಖ್ಯವಾದವು ಮೂರು. ಮೊಸರು ಗಟ್ಟಿಯಾಗಿರಬೇಕು, ಆದರೆ ಹುಳಿ ಹತ್ತಿರಬಾರದು. ಪುದೀನಾ ಹಸಿಯದು ನಡೆಯುವುದಿಲ್ಲ, ಒಣಗಿದ್ದೇ ಬೇಕು. ಮೂರನೆಯದು, ಕುಡಿದಾಗ ನಾಲಿಗೆಯ ಮೇಲೆ ಚುರುಚುರು ಅನ್ನುವ ಗುಳ್ಳೆ ಬರಬೇಕು. ಆ ಗುಳ್ಳೆ ಇಲ್ಲದಿದ್ದರೆ ಅದು ನೀರು ಬೆರೆಸಿದ ಮೊಸರು, ಅಷ್ಟೆ.

ಮೊದಲನೆಯದು ಗುಲಾಬಿಯ ಕೈಯಲ್ಲಿತ್ತು. ಊರಾಚೆ ದನ ಸಾಕಿದ್ದ ತಮಿಳು ಹಾಲಿನವರೊಬ್ಬರು ಕಾವಲುಗಾರನ ಕೋಣೆಯ ಹತ್ತಿರ ಬಾಟಲಿ ಇಟ್ಟು ಹೋಗುತ್ತಿದ್ದರು. ಫೋನ್ ಮಾಡಿ, “ಅಣ್ಣೇ, ನಾಳೆಯಿಂದ ಮೂರು ಬಾಟಲಿ. ಎಮ್ಮೆ ಹಾಲು ಬೆರೆಸಿದ್ರೂ ಪರವಾಗಿಲ್ಲ, ನೀರು ಬೆರೆಸಿದ್ರೆ ನನಗೆ ಗೊತ್ತಾಗ್ತದೆ” ಎಂದಳು. ಆಚೆಯಿಂದ ಆತ ನಕ್ಕು, “ತೆರಿಯುಮಕ್ಕಾ, ನೀಂಗ ಟೆಸ್ಟ್ ಪಣ್ಣುವೀಂಗ” ಎಂದರು, ಗೊತ್ತಕ್ಕಾ, ನೀವು ಪರೀಕ್ಷೆ ಮಾಡ್ತೀರಿ ಎಂದು. ಹಾಲನ್ನು ಕಾಲು ಭಾಗ ಇಂಗುವವರೆಗೆ ಕಾಯಿಸಿ, ಬೆರಳು ಸಹಿಸುವಷ್ಟು ಆರಿಸಿ, ಹೆಪ್ಪು ಹಾಕಿದಳು. ಪುಚೊಂಗಿನ ಸೆಕೆಗೆ ಐದು ಗಂಟೆಯಲ್ಲಿ ಮೊಸರು. ಏಳನೇ ಗಂಟೆಗೆ ಹುಳಿ. ಆ ನಡುವೆ ಹಿಡಿಯಬೇಕು. ಪಾತ್ರೆಯ ಪಕ್ಕ ಕುರ್ಚಿ ಹಾಕಿ ಕೂತು ಹಿಡಿದಳು. ಚಮಚ ನಿಲ್ಲಿಸಿದರೆ ನಿಲ್ಲುತ್ತಿತ್ತು.

ಪುದೀನಾ ಆಟ ಆಡಿಸಿತು. ತಮಿಳರ ಅಂಗಡಿಯಿಂದ ತಂದ ಆರು ಕಟ್ಟು ಎಲೆ ಬಿಡಿಸಿ ಬಾಲ್ಕನಿಯಲ್ಲಿ ಹರವಿದಳು. ನಾಲ್ಕು ಗಂಟೆಗೆ ದಿನದ ಮಳೆ ಬಂತು. ಮರುದಿನ ಎಲೆಯೆಲ್ಲ ಕಪ್ಪು. ಇನ್ನೊಮ್ಮೆ ತಂದು ಕಾಗದದ ನಡುವೆ ಇಟ್ಟಳು, ಬೂಷ್ಟು ಬಂತು. ಮೂರನೇ ಸಲ ಬಾಲ್ಕನಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಆಕಾಶಕ್ಕೆ ಬೈಯುತ್ತಿದ್ದಾಗ ಕಾಲಿಗೆ ಬಿಸಿಗಾಳಿ ಬಡಿಯಿತು. ಒಳಗೆ ದಾಮೋದರ ಏಸಿ ಹಾಕಿದ್ದ. ಗೋಡೆಗೆ ಕೂರಿಸಿದ್ದ ಅದರ ಹೊರಗಿನ ಪೆಟ್ಟಿಗೆ ಗುರ್ ಎಂದು ಒಣ ಬಿಸಿಗಾಳಿ ಉಗುಳುತ್ತಿತ್ತು. ಗುಲಾಬಿ ಬಗ್ಗಿ ಅದಕ್ಕೆ ಕೈ ಒಡ್ಡಿದಳು. ಓಡಿಹೋಗಿ ವಾಷಿಂಗ್ ಮೆಷೀನಿಗೆ ಬಟ್ಟೆ ಹಾಕುವ ಬಲೆಚೀಲ ತಂದು, ಅದರಲ್ಲಿ ಎಲೆ ತುಂಬಿಸಿ, ಆ ಗಾಳಿಯ ಎದುರಿಗೆ ತೂಗುಹಾಕಿದಳು.

“ಮಾರಾಯ್ರೆ, ಏಸಿ ಬಂದ್ ಮಾಡ್ಬೇಡಿ ಆಯ್ತಾ? ಸಂಜೆವರೆಗೆ.”

“ನನಗೆ ಚಳಿ ಆಗ್ತಾ ಉಂಟು, ಗುಲಾಬಿ.”

“ಸ್ವೆಟರ್ ಕೊಡ್ತೇನೆ.”

ಅವತ್ತು ದಾಮೋದರ ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದ. ಸಂಜೆ ಚೀಲ ಬಿಚ್ಚಿದರೆ ಎಲೆಗಳು ಹಸಿರು ಬಣ್ಣ ಬಿಡದೆ, ಮುಟ್ಟಿದರೆ ಪುಡಿಯಾಗುವಷ್ಟು ಗರಿಗರಿ. ಅಂಗೈಯಲ್ಲಿ ತಿಕ್ಕಿ ಗಂಡನ ಮೂಗಿನ ಹತ್ತಿರ ಹಿಡಿದಳು. “ಮೂಸಿ, ಮೂಸಿ! ಹೇಗುಂಟು?” ಅವನು ಮೂಸಿ, ಮೂಗು ಸೇದಿ, “ಶೀತ ಬಿಟ್ಟು ಹೋಯ್ತು” ಎಂದ.

ಇನ್ನು ಗುಳ್ಳೆ. ಸುಲಭದ ದಾರಿಯೆಂದು ಮೊದಲು ಸೋಡಾ ಬೆರೆಸಿದಳು. ಗಟ್ಟಿ ಮೊಸರನ್ನು ಕಡೆದು, ಉಪ್ಪು, ಪುದೀನಾ ಪುಡಿ ಹಾಕಿ, ಸೋಡಾ ಸುರಿದು ಸ್ಟೂಲಿನ ಮೇಲಿಟ್ಟಳು. ನಸ್ರೀನ್ ಕುಡಿದಳು. ಈ ಸಲ ಕೆಮ್ಮಲಿಲ್ಲ. ಅರ್ಧ ಲೋಟ ಮುಗಿಸಿ ಕಣ್ಣು ಮುಚ್ಚಿ ಯೋಚಿಸಿದಳು.

“ಹತ್ತಿರ,” ಅಂದಳು. “ತುಂಬಾ ಹತ್ತಿರ. ಆದರೆ ಈ ಗುಳ್ಳೆ ಹೊರಗಿನದು. ನನ್ನ ಅಜ್ಜಿಯ ದೂಗ್‌ನಲ್ಲಿ ಅದು ಒಳಗಿಂದ ಬರ್ತಿತ್ತು. ಮೇಕೆ ಚರ್ಮದ ಚೀಲದಲ್ಲಿ ಕಡೆದು ಬಿಸಿಲಲ್ಲಿ ಇಡ್ತಿದ್ದರು.”

ಆಗಲೇ ಅವಳಿಗೆ ಊಟ ಸೇರತೊಡಗಿತ್ತು. ಬೆಹ್ರೂಜ್ ಆ ಸಂಜೆ ಗ್ರಿಲ್ಲಿನ ಆಚೆಯಿಂದ ಎದೆಯ ಮೇಲೆ ಕೈಯಿಟ್ಟು, “ಅಕ್ಕಾ, ಇಷ್ಟೇ ಸಾಕು. ಅವಳು ಇವತ್ತು ಅನ್ನ ತಿಂದಳು” ಎಂದ. ‘ಅಕ್ಕಾ’ ಎನ್ನುವುದನ್ನು ಅವನು ಹಾಲಿನವರಿಂದ ಕಲಿತಿದ್ದ. ಆದರೆ ಗುಲಾಬಿಯ ತಲೆಯಲ್ಲಿ ‘ಹತ್ತಿರ’ ಎಂಬ ಮಾತು ಕೂತುಬಿಟ್ಟಿತ್ತು. ಹದಿನೇಳು ವರ್ಷ ಸೊಸೈಟಿಯಲ್ಲಿ ಅವಳು ‘ಹತ್ತಿರ’ ಎಂಬ ಹಾಲನ್ನು ಒಪ್ಪಿಕೊಂಡವಳಲ್ಲ.

“ಇಡ್ಲಿ ಹಿಟ್ಟು ತಾನಾಗಿ ಉಬ್ಬುದಿಲ್ವಾ?” ಎಂದು ಗಂಡನನ್ನು ಕೇಳಿದಳು. “ಹಾಗಾದ್ರೆ ಮೊಸರು ಯಾಕೆ ಉಬ್ಬುದಿಲ್ಲ?”

“ಗ್ಯಾಸ್ ಬಿಡುವ ಜೀವಿ ಬೇರೆ. ನಿನ್ನ ಹೆಪ್ಪಿನಲ್ಲಿ ಅದು ಇರ್ಲಿಕ್ಕಿಲ್ಲ. ಯೀಸ್ಟ್ ತರದ್ದು ಏನಾದ್ರೂ ಬೇಕು.”

ಮರುದಿನ ಶಿರಾಜಿನ ತಾಯಿ ಅದಕ್ಕೆ ಉತ್ತರ ಕೊಟ್ಟರು. ಬಾಟಲಿಗೆ ಮೂರು ಒಣದ್ರಾಕ್ಷಿ ಹಾಕಿ ಎರಡು ದಿನ ಇಡು, ಅಷ್ಟೆ! ಗುಲಾಬಿ ಸೂಪರ್‌ಮಾರ್ಕೆಟಿನ ದ್ರಾಕ್ಷಿ ತರಿಸಿ ಹಾಕಿದಳು. ಎರಡು ದಿನ ಬಿಟ್ಟು ನೋಡಿದರೆ ಹುಳಿ ಮಾತ್ರ ಬಂದಿತ್ತು. ಮತ್ತೆ ಮಾಡಿದಳು, ಮತ್ತೆ ಹುಳಿ. ದ್ರಾಕ್ಷಿಯನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿದಳು. ಮಿರಮಿರ ಹೊಳೆಯುತ್ತಿತ್ತು. ಮುಟ್ಟಿದರೆ ಎಣ್ಣೆ.

“ಅಕ್ಷಯಾ, ಇದಕ್ಕೆ ಎಂತದೋ ಎಣ್ಣೆ ಸವರಿದ್ದಾರೆ. ತೊಳೆದು ಒರೆಸಿ ಅದರ ಮೈಮೇಲಿನ ಜೀವವನ್ನೆಲ್ಲ ತೆಗ್ದಿದ್ದಾರೆ. ಧೂಳಿರುವ ದ್ರಾಕ್ಷಿ ಬೇಕು ನನಗೆ!”

“ಅಮ್ಮಾ, ಹೂ ಸೆಲ್ಸ್ ಡರ್ಟಿ ರೇಸಿನ್ಸ್?”

ನಸ್ರೀನಳ ಹತ್ತಿರ ಇತ್ತು. ಜನವರಿಯಲ್ಲಿ ಊರಿನಿಂದ ಬಂದವರ ಕೈಯಲ್ಲಿ ತಾಯಿ ಕಳಿಸಿದ್ದ ಹಸಿರು ಒಣದ್ರಾಕ್ಷಿ, ಬಟ್ಟೆಯ ಗಂಟಿನಲ್ಲಿ, ತೊಟ್ಟು ಧೂಳು ಸಮೇತ. ಸ್ಟೂಲಿನ ಮೇಲೆ ಗಂಟು ಬಂತು. ಗುಲಾಬಿ ಅದನ್ನು ಮೂಸಿ ನೋಡಿ ಒಳಗೆ ಒಯ್ದಳು. ಆರು ಪ್ಲಾಸ್ಟಿಕ್ ಬಾಟಲಿಗಳಿಗೆ ದೂಗ್ ತುಂಬಿಸಿ, ಒಂದೊಂದಕ್ಕೆ ಮೂರು ದ್ರಾಕ್ಷಿ ಹಾಕಿ, ಮುಚ್ಚಳ ಬಿಗಿದು, ಐದನ್ನು ಬಾಲ್ಕನಿಯ ಬಾಗಿಲ ಹತ್ತಿರ ಇಟ್ಟಳು. ಅಲ್ಲಿ ಜಾಗ ಸಾಲದೆ ಆರನೆಯದನ್ನು ದಾಮೋದರನ ಮೇಜಿನ ಪಕ್ಕದ ಪುಸ್ತಕದ ಕಪಾಟಿನ ಮೇಲೆ ಇಟ್ಟು ಮರೆತಳು.

ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಬೆಳಿಗ್ಗೆ ಬಾಟಲಿಯನ್ನು ಒತ್ತಿ ನೋಡಿದಳು. ಸ್ವಲ್ಪ ಬಿಗಿ. ಕನಸೋ ಏನೋ ಎಂದು ಮತ್ತೆ ಒತ್ತಿದಳು. ಮಧ್ಯಾಹ್ನಕ್ಕೆ ಬಾಟಲಿಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಐದನ್ನೂ ಫ್ರಿಜ್ಜಿನೊಳಗೆ ತಳ್ಳಿದಳು, ತಣ್ಣಗಾದ ಮೇಲೆ ತೆರೆಯುವ ಎಂದು.

ಆ ಹೊತ್ತಿಗೆ ದಾಮೋದರ ಎಂಬತ್ತು ವಿದ್ಯಾರ್ಥಿಗಳಿಗೆ ಹೊಟ್ಟೆಯಲ್ಲಿ ಅನಿಲ ಹೇಗೆ ಉತ್ಪತ್ತಿಯಾಗುತ್ತದೆ ಎಂದು ಪಾಠ ಮಾಡುತ್ತಿದ್ದ.

ಢಂ!

ಕಪಾಟಿನ ಮೇಲಿನ ಬಾಟಲಿ ಹಾರಿತು. ಮುಚ್ಚಳ ಫ್ಯಾನಿಗೆ ಬಡಿಯಿತು. ಬಿಳಿ ನೊರೆ ಸೀಲಿಂಗಿನಿಂದ ಹಿಡಿದು ದಾಮೋದರನ ಕನ್ನಡಕದವರೆಗೆ ಎರಚಿತು. ಪುಸ್ತಕಗಳ ಬೆನ್ನ ಮೇಲೆ ಪುದೀನಾ ಇಳಿಯುತ್ತಿತ್ತು.

“ಸರ್! ಸರ್, ಆರ್ ಯೂ ಓಕೆ?” ಎಂದು ಲ್ಯಾಪ್‌ಟಾಪಿನೊಳಗಿಂದ ಹತ್ತಾರು ಧ್ವನಿ.

ಅಡುಗೆಮನೆಯಿಂದ ಗುಲಾಬಿ ಹಾರಿಬಂದಳು. ಗಂಡನ ಕಡೆ ನೋಡಲಿಲ್ಲ. ಸೀಲಿಂಗ್ ನೋಡಿದಳು, ಗೋಡೆ ನೋಡಿದಳು, ಗೋಡೆಗೆ ಬೆರಳು ಹಚ್ಚಿ ನಾಲಿಗೆಗೆ ಇಟ್ಟಳು.

“ಬಂತು!” ಎಂದು ಕೂಗಿದಳು. “ಅಕ್ಷಯಾ, ಗುಳ್ಳೆ ಬಂತು! ಒಳಗಿಂದ ಬಂತು!”

“ನನ್ನ ತಲೆ ಮೇಲೆ ಬಂತು ಮಾರಾಯ್ತಿ,” ಎಂದ ದಾಮೋದರ. ಆದರೆ ಅವನಿಗೂ ನಗು ತಡೆಯಲಾಗಲಿಲ್ಲ. ಎಂಬತ್ತು ಜನ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಆ ದಿನ ತಮ್ಮ ಪ್ರೊಫೆಸರ್ ಗಡ್ಡಕ್ಕೆ ಹತ್ತಿದ ಮೊಸರು ಒರೆಸಿಕೊಳ್ಳುತ್ತ, ಕುಣಿಯುತ್ತಿದ್ದ ಹೆಂಡತಿಯನ್ನು ನೋಡುತ್ತಿದ್ದದ್ದನ್ನು ಕಂಡರು.

ಅದು ರಂಜಾನಿನ ಎರಡನೇ ದಿನ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಎರಡು ಮನೆಯ ಬಾಗಿಲೂ ತೆರೆದಿದ್ದವು, ಗ್ರಿಲ್ ಮಾತ್ರ ಮುಚ್ಚಿತ್ತು. ಅವರ ಮೇಜು ಅವರ ಬಾಗಿಲಲ್ಲಿ, ಇವರ ಮೇಜು ಇವರ ಬಾಗಿಲಲ್ಲಿ, ನಡುವೆ ಎಂಟು ಅಡಿ ಓಣಿ. ಸ್ಟೂಲಿನ ಮೇಲೆ ಬೆವರಿದ ಬಾಟಲಿ. ಶಿರಾಜಿನ ತಾಯಿ ಫೋನಿನಲ್ಲಿ ಹಾಜರಿದ್ದರು.

“ಅಮ್ಮ ಹೇಳ್ತಿದ್ದಾರೆ, ಮುಚ್ಚಳ ತೆಗೆಯುವಾಗ ಫೋನ್ ಹತ್ತಿರ ಹಿಡಿ ಅಂತ. ಅವರು ಕೇಳಬೇಕಂತೆ.”

ಬೆಹ್ರೂಜ್ ಮುಚ್ಚಳವನ್ನು ಒಂದಿಷ್ಟೇ ತಿರುಗಿಸಿದ. ಚ್‌ಸ್ಸ್ಸ್ ಎಂದು ನೊರೆ ಕತ್ತಿನವರೆಗೆ ಏರಿತು, ನಿಂತಿತು, ಇಳಿಯಿತು. ಇನ್ನೊಂದಿಷ್ಟು ತಿರುಗಿಸಿದ. ಮತ್ತೆ ಚ್‌ಸ್ಸ್ಸ್. ಫೋನಿನಲ್ಲಿ ತಾಯಿ ಎರಡೂ ಕೈಯೆತ್ತಿ ಏನೋ ಕೂಗಿದರು. ಅದನ್ನು ಯಾರೂ ಅನುವಾದಿಸಲಿಲ್ಲ, ಬೇಕಾಗಲೂ ಇಲ್ಲ.

ನಸ್ರೀನ್ ಒಂದೇ ಉಸಿರಿಗೆ ಒಂದು ಲೋಟ ಕುಡಿದಳು. ಮೇಲ್ತುಟಿಯ ಮೇಲೆ ಬಿಳಿ ಮೀಸೆ ಹಾಗೇ ಇರುವಾಗ ಲೋಟವನ್ನು ಮತ್ತೆ ಮುಂದಕ್ಕೆ ಚಾಚಿದಳು. ಮೂರನೇ ಲೋಟ ಮುಗಿದ ಮೇಲೆ ಗುಲಾಬಿಯ ಕಡೆ ತಿರುಗಿದಳು.

“ಇದು ದೂಗ್,” ಅಂದಳು. ಅಷ್ಟೇ ಅಂದದ್ದು. ಗುಲಾಬಿಗೆ ಅವತ್ತು ಊಟ ಮಾಡಿದ್ದು ನೆನಪಿಲ್ಲ.

ಎರಡು ದಿನ ಕಳೆದು ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ದಾಮೋದರ ಕಾರು ತೆಗೆದುಕೊಂಡು ಸಾಮಾನಿಗೆ ಹೋಗಿದ್ದ. ಎದುರಿನ ಗ್ರಿಲ್ ದಡದಡ ಬಡಿದ ಸದ್ದಾಯಿತು. ಗುಲಾಬಿ ಓಡಿಬಂದಳು. ನಸ್ರೀನ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಕಾಲ ಕೆಳಗೆ ನೀರು.

“ಬೆಳಗ್ಗಿನಿಂದ ನೋವಿತ್ತು. ಅಜೀರ್ಣ ಅಂದುಕೊಂಡೆ.”

ಬೆಹ್ರೂಜ್ ಬಂದರಿನಲ್ಲಿ, ಒಂದು ಗಂಟೆಯ ದಾರಿ. ಫೋನಿನಲ್ಲಿ, ಆಸ್ಪತ್ರೆಗೇ ಬರುತ್ತೇನೆ ಎಂದ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಮುಕ್ಕಾಲು ಗಂಟೆ ಹಿಡಿಯಬಹುದೆಂದರು. ದಾಮೋದರ ಸಾಲಿನಲ್ಲಿ ನಿಂತಿದ್ದ, ಫೋನ್ ಎತ್ತಲಿಲ್ಲ. ನಸ್ರೀನ್ ಗೂಟಕ್ಕೆ ನೇತುಹಾಕಿದ್ದ ಕೀಲಿ ತೋರಿಸಿದಳು. ಬೆಹ್ರೂಜನ ಹಳೆಯ ಕಾರು ಕೆಳಗೆ ನಿಂತಿತ್ತು, ಗೇರ್ ಹಾಕುವ ಕಾರು.

“ಅಮ್ಮಾ, ಯೂ ಕೆನಾಟ್! ಯೂ ಓನ್ಲಿ ಡ್ರೈವ್ ಟು ಟೆಂಪಲ್!” ಎಂದಳು ಅಕ್ಷಯಾ.

“ಕಟಪಾಡಿಯಲ್ಲಿ ಡ್ರೈವರ್ ರಜೆ ಹಾಕಿದ ದಿನ ಸೊಸೈಟಿಯ ಹಾಲಿನ ವ್ಯಾನ್ ಯಾರು ಓಡಿಸ್ತಿದ್ದದ್ದು ಅಂತ ನಿನ್ನ ಅಪ್ಪನ ಹತ್ತಿರ ಕೇಳು. ಮಾಸ್ಕ್ ಕೊಡು. ಲಿಫ್ಟ್ ಒತ್ತು!”

ಹನ್ನೊಂದು ವರ್ಷದಲ್ಲಿ ಗೇರ್ ಮುಟ್ಟಿರಲಿಲ್ಲ. ಬೇಸ್‌ಮೆಂಟಿನಲ್ಲಿ ಎರಡು ಸಲ ಎಂಜಿನ್ ನಿಂತಿತು. ಮೂರನೇ ಸಲ ಕಾಲಿಗೆ ಹಳೆಯ ನೆನಪು ಬಂತು. ಕಾರು ಹೊರಬಿದ್ದು ಹೆದ್ದಾರಿ ಹಿಡಿದಾಗ ಎದುರಿಗೆ ಖಾಲಿ ರಸ್ತೆ. ಯಾವತ್ತೂ ಹಾಗೆ ಖಾಲಿಯಿದ್ದದ್ದನ್ನು ಅವಳು ನೋಡಿರಲಿಲ್ಲ. ಹಿಂದಿನ ಸೀಟಿನಲ್ಲಿ ನಸ್ರೀನ್ ನೋವು ಬಂದಾಗ ಕೂಗುತ್ತಿದ್ದಳು, ನೋವು ಬಿಟ್ಟಾಗ ಕ್ಷಮೆ ಕೇಳುತ್ತಿದ್ದಳು.

“ಕ್ಷಮೆ ಎಂತದ್ದು! ಕೂಗು, ಜೋರಾಗಿ ಕೂಗು!”

ಪೆಟಾಲಿಂಗ್ ಜಯಾಕ್ಕೆ ತಿರುಗುವಲ್ಲಿ ಪೊಲೀಸರು ರಸ್ತೆಗೆ ಅಡ್ಡಲಾಗಿ ಕೋನ್‌ಗಳನ್ನಿಟ್ಟು ತಡೆದಿದ್ದರು. ಮುಂದೆ ನಾಲ್ಕು ಕಾರು. ಆ ಹೊತ್ತಿಗೆ ಗುಲಾಬಿ ಕನ್ನಡಿಯಲ್ಲಿ ನೋಡಿದರೆ ನಸ್ರೀನಳ ಮಡಿಲಿನಲ್ಲಿ ದೂಗ್ ಬಾಟಲಿ. ಹೊರಡುವಾಗ ತನ್ನ ಫ್ರಿಜ್ಜಿನಿಂದ ಅದನ್ನೂ ಹಿಡಿದುಕೊಂಡು ಬಂದಿದ್ದಳು! ಕಾರಿನ ಸೆಕೆಗೆ ಬಾಟಲಿಯ ಬುಡ ಉಬ್ಬಿ ಹೊರಗೆ ಬಂದಿತ್ತು.

“ನಸ್ರೀನ್! ಮುಚ್ಚಳ ಸಡಿಲ ಮಾಡು! ನಿಧಾನ!”

ಅದೇ ಕ್ಷಣಕ್ಕೆ ಸರದಿ ಬಂದು, ಒಬ್ಬ ಯುವ ಪೊಲೀಸ್ ಕಿಟಕಿಗೆ ಬಗ್ಗಿ, ಕಾರಿನಲ್ಲಿ ಇಬ್ಬರೇಕೆ ಎಂದು ಕೇಳಲು ಬಾಯಿ ತೆರೆದ. ಚ್‌ಸ್ಸ್ಸ್! ಬಿಳಿ ನೊರೆ ಹಿಂದಿನ ಕಿಟಕಿಯಿಂದ ಹಾರಿ ಅವನ ಕೈಗವಸಿನ ಮೇಲೆ ಬಿತ್ತು. ಅವನು ಎರಡು ಹೆಜ್ಜೆ ಹಿಂದಕ್ಕೆ ಜಿಗಿದ.

“ಅಪಾ ನಿ, ಮಕ್ಚಿಕ್?” ಇದೇನಿದು ಚಿಕ್ಕಮ್ಮಾ ಎಂದು ಗಾಬರಿಯಿಂದ ಕೇಳಿದ.

“ಮೊಸರು! ಮೊಸರು!” ಎಂದಳು ಗುಲಾಬಿ ಕನ್ನಡದಲ್ಲಿ. ಗೊತ್ತಿದ್ದ ಮಲಯ್ ಎಲ್ಲ ಹಾರಿಹೋಗಿತ್ತು. “ಬೇಬಿ! ಬೇಬಿ ದಾತಾಂಗ್! ಮಗು ಬರ್ತಾ ಉಂಟು ಮಾರಾಯಾ, ಹಾಸ್ಪಿಟಲ್!”

ಹಿಂದಿನಿಂದ ನಸ್ರೀನ್ ಕೂಗಿದ ಕೂಗಿಗೆ ಇನ್ನು ಯಾವ ವಿವರಣೆಯೂ ಬೇಕಾಗಲಿಲ್ಲ. ಪೊಲೀಸ್ ಕೋನ್‌ಗಳನ್ನು ಕಾಲಿನಿಂದಲೇ ಒದ್ದು ಸರಿಸಿದ, ಶಿಳ್ಳೆ ಹೊಡೆದ. ಮೋಟಾರ್‌ಸೈಕಲ್ಲಿನ ಇನ್ನೊಬ್ಬ ಸೈರನ್ ಹಾಕಿ ಮುಂದೆ ಹೊರಟ. ಗುಲಾಬಿ ಅವನ ಹಿಂದೆ ನಾಲ್ಕನೇ ಗೇರಿಗೆ ಹಾಕಿದಳು. ಆಸ್ಪತ್ರೆಯ ಬಾಗಿಲು ಬರುವವರೆಗೆ ಅವಳು ವೇಗ ಇಳಿಸಲಿಲ್ಲ.

ಒಳಗೆ ಅವಳನ್ನು ಬಿಡಲಿಲ್ಲ. ಒಬ್ಬರೇ ಜೊತೆಗಿರಬಹುದು, ಅದೂ ಗಂಡ. ಮೈತುಂಬ ನೀಲಿ ಉಡುಪು ಹಾಕಿದ ನರ್ಸ್ ಗಾಲಿಕುರ್ಚಿ ತಿರುಗಿಸಿದಳು. ನಸ್ರೀನ್ ಕೈ ಚಾಚಿ, “ಗೊಲಾಬಿ ಖಾನುಮ್, ಬಾ” ಎಂದಳು. ಗುಲಾಬಿ ಗಾಜಿನ ಈಚೆ ನಿಂತು ಎರಡೂ ಕೈ ಜೋರಾಗಿ ಬೀಸಿದಳು. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಅರ್ಧ ಗಂಟೆ ಕಳೆದಿರಬೇಕು. ಆಸ್ಪತ್ರೆಯ ಗೇಟಿನ ಎದುರು ಭಾರಿ ಹಾರ್ನ್ ಕೇಳಿಸಿತು. ಹಿಂದೆ ಕಂಟೇನರ್ ಇಲ್ಲದ, ಬರೀ ತಲೆಭಾಗದ ದೊಡ್ಡ ಲಾರಿಯೊಂದು ಬಂದು ನಿಂತಿತು. ಬಂದರಿನ ಹಳದಿ ಹೆಲ್ಮೆಟ್ಟನ್ನೂ ತೆಗೆಯದೆ ಬೆಹ್ರೂಜ್ ಅದರಿಂದ ಧುಮುಕಿದ. ಬೇರೆ ವಾಹನ ಸಿಗದೆ ಯಾರೋ ಚಾಲಕನನ್ನು ಕಾಡಿ ಬೇಡಿ ಹತ್ತಿಕೊಂಡು ಬಂದಿದ್ದ. ಗುಲಾಬಿ ಒಳಬಾಗಿಲಿನ ಕಡೆ ಕೈ ತೋರಿಸಿ, “ಓಡು! ಓಡು!” ಎಂದಳು. ಅವನು ಓಡಿದ.

ಅವಳು ಪಾರ್ಕಿಂಗಿನಲ್ಲಿ ಮರದ ನೆರಳಲ್ಲಿ ಕೂತಳು. ದಾಮೋದರ ಫೋನ್ ಮಾಡಿದ. “ಹೆದ್ದಾರಿಯಲ್ಲಿ ಗೇರ್ ಕಾರು ಓಡಿಸಿದ್ಯಾ? ನೀನಾ?” ಎಂದು ಮೂರು ಸಲ ಕೇಳಿದ. ಮೂರನೇ ಸಲ ಅವನ ದನಿಯಲ್ಲಿ ಹೆಮ್ಮೆ ಇತ್ತು. ಎರಡೂ ಮುಕ್ಕಾಲಿಗೆ ಬೆಹ್ರೂಜನ ಧ್ವನಿಸಂದೇಶ ಬಂತು. ಅದರಲ್ಲಿ ಮಾತೇ ಇರಲಿಲ್ಲ, ಒಂದು ಮಗುವಿನ ಅಳು ಮಾತ್ರ. ಗುಲಾಬಿ ಅದನ್ನು ಕಿವಿಗೊತ್ತಿ ಕೇಳಿದಳು, ಮತ್ತೆ ಹಾಕಿದಳು, ಎದ್ದು ನಿಂತು ಗೇಟಿನ ನೇಪಾಳಿ ಕಾವಲುಗಾರನ ಕಡೆ ಫೋನ್ ಎತ್ತಿ ಹಿಡಿದು, “ಬೇಬಿ!” ಎಂದು ಕೂಗಿದಳು. ಆತ ಯಾರ ಮಗು ಎಂದು ಕೇಳದೆ ಚಪ್ಪಾಳೆ ತಟ್ಟಿದ.

ಹೆಣ್ಣುಮಗು. ಗೊಲ್ನಾರ್ ಎಂದು ಹೆಸರಿಟ್ಟರು, ದಾಳಿಂಬೆ ಹೂ ಎಂದು ಅರ್ಥ. “ಸದ್ಯ, ಪೇರ್ ಹಣ್ಣು ಅಂತ ಇಡ್ಲಿಲ್ಲ” ಎಂದ ದಾಮೋದರ. ಮೂರನೇ ದಿನ ಮನೆಗೆ ಬಂದಾಗ ಗುಲಾಬಿ ಮಗುವನ್ನು ಎಂಟು ಅಡಿ ದೂರದಿಂದಲೇ ನೋಡಿದಳು. ಮುಟ್ಟುವಂತಿರಲಿಲ್ಲ. ಬಾಣಂತನವನ್ನೂ ಓಣಿಯ ಈಚೆಯಿಂದಲೇ ಮಾಡಿದಳು. ಮಗುವಿಗೆ ಎಣ್ಣೆ ಹೇಗೆ ಹಚ್ಚಬೇಕು, ಕಾಲ ಮೇಲೆ ಹೇಗೆ ಮಲಗಿಸಿ ನೀರು ಹಾಕಬೇಕು ಎಂದು ಒಂದು ದಿಂಬು ಹಿಡಿದು ಬೆಹ್ರೂಜನಿಗೆ ತೋರಿಸಿಕೊಟ್ಟಳು. ಜೂನ್ ತಿಂಗಳಲ್ಲಿ ನಿರ್ಬಂಧ ಸಡಿಲವಾದಾಗ, ಕೈ ಮೂರು ಸಲ ತೊಳೆದು, ಮೊದಲ ಸಲ ಎತ್ತಿಕೊಂಡಳು.

ಅಷ್ಟರಲ್ಲಿ ವಿಷಯ ಕಟ್ಟಡದ ತುಂಬ ಹರಡಿತ್ತು. ಹದಿಮೂರನೇ ಮಹಡಿಯ ಮೈಸೂರಿನ ಗಾನವಿ ಫೋನ್ ಮಾಡಿ, “ಆಂಟಿ, ನಮ್ಮನೇಲಿ ಮೊಸರೇ ಸರಿಯಾಗಿ ಹೆಪ್ಪಾಗಲ್ಲ, ಸ್ವಲ್ಪ ಹೇಳ್ಕೊಡಿ ಪ್ಲೀಸ್” ಎಂದಳು. ಅವಳ ಹಿಂದೆ ಅವಳ ಸ್ನೇಹಿತೆಯರು. ದಾಮೋದರನ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಆ ಸ್ಫೋಟದ ಗುಟ್ಟು ಬೇಕಿತ್ತು. ಕೊನೆಗೆ ಕನ್ನಡ ಸಂಘದವರು ಆಗಸ್ಟಿನಲ್ಲಿ ಒಂದು ಭಾನುವಾರ ಆನ್‌ಲೈನ್ ತರಗತಿ ಇಟ್ಟರು.

ಆ ಬೆಳಿಗ್ಗೆ ಗುಲಾಬಿ ಎರಡು ಸೀರೆ ಬದಲಿಸಿದಳು. ಅಕ್ಷಯಾ ಲ್ಯಾಪ್‌ಟಾಪನ್ನು ಒಲೆಯ ಪಕ್ಕ ನಿಲ್ಲಿಸಿ, “ಜಸ್ಟ್ ಟಾಕ್ ನಾರ್ಮಲಿ, ಅಮ್ಮಾ” ಎಂದು ಬದಿಗೆ ಸರಿದಳು. ತೆರೆಯ ಮೇಲೆ ನಲವತ್ತೊಂದು ಚೌಕ. ಪೆಟಾಲಿಂಗ್ ಜಯಾದ ಅಡುಗೆಮನೆಗಳು, ಪಿನಾಂಗಿನ ಅಡುಗೆಮನೆಗಳು, ಒಂದರಲ್ಲಿ ಎಪ್ರನ್ ಕಟ್ಟಿದ ಗಂಡಸು. ಎದುರುಮನೆಯ ಚೌಕದಲ್ಲಿ ನಸ್ರೀನ್, ತೊಡೆಯ ಮೇಲೆ ಮಗು. ಎಲ್ಲರೂ ಗುಲಾಬಿಯನ್ನೇ ನೋಡುತ್ತಿದ್ದರು. ಗುಲಾಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಲಿನ ಬಾಟಲಿಯ ಮುಚ್ಚಳ ತೆಗೆದಳು, ಮೂಸಿದಳು.

“ನಮಸ್ಕಾರ,” ಎಂದಳು. “ಮೊದಲು ನಿಮ್ಮ ನಿಮ್ಮ ಹಾಲು ತೋರಿಸಿ, ನೋಡುವ.”